ಪೋರ್ಟ್ಸ್ ಮಠದ ದಾಸೋಹ

ಬಿಳಿಗೆರೆಯ ಚಿಕ್ಕಬಸಪ್ಪ ಮನೆ ಬಿಟ್ಟರೆ ಮಠದಲ್ಲಿ ಮಾತ್ರ ಉಣ್ಣುತ್ತಿದ್ದ. ಬೀಜದಂಗಡಿ ಏನೋ ಪಕ್ಕದಲ್ಲಿ ನಡೆಯುತ್ತಿತ್ತು, ಜೀವಮಾನದ ನಿಜವಾದ ಸಂಪಾದನೆ ಈ ನೇಮವೇ. ಇದನ್ನು ಮೆಚ್ಚಿ ಊರಿನ ಮಠ ಅವನನ್ನು ದಾಸೋಹದ ಯಜಮಾನನನ್ನಾಗಿ ಮಾಡಿತ್ತು. ಅವನು ಹೂಂ ಅನ್ನದೆ ಪಂಕ್ತಿಗೆ ಪಾಯಸ ಬರುತ್ತಿರಲಿಲ್ಲ.

೨೦೦೬ರಲ್ಲಿ ಬೀಜದ ಕಂಪನಿಯೊಂದು ಮಾಲು ಚೆನ್ನಾಗಿ ತಳ್ಳಿದ ನಮ್ಮ ಕಡೆಯ ಡೀಲರುಗಳನ್ನು ಇಂಗ್ಲೆಂಡಿಗೆ ಹೊರಡಿಸಿತು. ಮೊದಲು ಲಂಡನ್ನು, ಶನಿವಾರ-ಭಾನುವಾರ ಪೋರ್ಟ್ಸ್‌ಮತ್ ಎಂಬ ಹಳೆಯ ಬಂದರು.

"ಅಲ್ಲಿ ಒಟ್ಟೆಗೇನ್ಲಾ ಮಾಡಾನ?" ಎಂದು ಚಿಕ್ಕಬಸಪ್ಪ ಕೊರಗಿದ.

ಜೊತೆಗೆ ಹೊರಟಿದ್ದ ತಗಡೂರಿನ ಮಾದಪ್ಪ ನಗದೆ ಹೇಳಿದ: "ಎಸ್ರಲ್ಲೇ ಐತಲ್ಲಣ್ಣ, ಪೋರ್ಟ್ಸ್ ಮಠ! ನಮ್ ಸಾಮಿಗಳೇ ಯಾರೋ ಕಟ್ಟವ್ರೆ. ದಿನಾ ದಾಸೋಹ."

ಯಾರೂ ಅಲ್ಲವೆನ್ನಲಿಲ್ಲ. ಮುಂದೆ ಮಠವಿದೆಯಲ್ಲ ಎಂದು ಚಿಕ್ಕಬಸಪ್ಪ ಹೆಂಡತಿ ರುದ್ರಮ್ಮ ಕಟ್ಟಿಕೊಟ್ಟ ಚಕ್ಕುಲಿಯನ್ನೆಲ್ಲ ಲಂಡನ್ನಿನಲ್ಲೇ ಮುಗಿಸಿದ.

ಶನಿವಾರ ಹಣೆತುಂಬ ವಿಭೂತಿ ಬಳಿದು ಬಂದರಿಗಿಳಿದ. ಹಳೆಯ ಹಡಗುಗಳ ಕಡೆ ಕಣ್ಣೇ ಇಲ್ಲ. ಚರ್ಚು ಕಂಡಲ್ಲೆಲ್ಲ, "ಇದಾ?"

"ಇನ್ನೂ ಮುಂದೈತೆ ಅಣ್ಣ."

ಭಾನುವಾರ ಮಧ್ಯಾಹ್ನ ಕಾಲು ಸೋತು ಕಡಲ ದಂಡೆಯ ಬೆಂಚಿನ ಮೇಲೆ ಕುಸಿದಾಗ ಮಾದಪ್ಪ ಬಾಯಿಬಿಟ್ಟ: "ಮಠ ಇಲ್ಲ ಕಣಣ್ಣ. ಊರಿನ್ ಎಸ್ರೇ ಅಂಗೆ."

ನಕ್ಕು ನಕ್ಕು ಎಲ್ಲರ ಹೊಟ್ಟೆ ಹಿಡಿದುಕೊಂಡಿತು. ನಗದವನು ತಿ. ನರಸೀಪುರದ ಮರಿಯಯ್ಯ ಒಬ್ಬನೇ. ಅವನ ಕೇರಿಯಲ್ಲಿ ಚಿಕ್ಕಬಸಪ್ಪ ನೀರು ಮುಟ್ಟಿದವನಲ್ಲ. ಮರಿಯಯ್ಯನ ಹೊಸ ಮನೆಯ ಗೃಹಪ್ರವೇಶಕ್ಕೆ ಹೋಗಿ ರಸ್ತೆಯಲ್ಲೇ ನಿಂತು ಹರಸಿ ಬಂದಿದ್ದ. ಮರಿಯಯ್ಯ ಗಂಟು ಬಿಚ್ಚಿದ.

"ತಗಳಿ ಸಾ. ನಮ್ ಎಂಡ್ರು ಚಲುವಮ್ಮ ತಟ್ಟಿದ್ ಒಣ್ ರೊಟ್ಟಿ. ಚಟ್ನಿಪುಡಿನೂ ಐತೆ."

ಚಿಕ್ಕಬಸಪ್ಪ ರೊಟ್ಟಿ ನೋಡಿದ, ಮರಿಯಯ್ಯನನ್ನು ನೋಡಿದ, ಉಗುಳು ನುಂಗಿದ. "ಬ್ಯಾಡಪ್ಪ, ನೇಮ" ಎಂದವನೇ ಎದ್ದು, ಎದುರಿನ ಕರಿದ ತಿಂಡಿಯ ಅಂಗಡಿಗೆ ಹೋಗಿ ಆಲೂಗೆಡ್ಡೆಯ ಕಡೆ ಬೆರಳು ತೋರಿಸಿದ.

"ಅದೂ ವೊರಗಿಂದೇ ಅಲ್ವಾ ಅಣ್ಣ?" ಎಂದ ಮಾದಪ್ಪ.

"ಬಿಳೀ ಜನ ಕಣ್ಲಾ. ಅವ್ರಿಗೆ ಜಾತಿನೇ ಇಲ್ಲ, ಮೈಲಿಗೆ ಎಲ್ಲಿಂದ ಬಂದಾತು?"

ಎರಡು ಪೊಟ್ಟಣ ಖಾಲಿ ಮಾಡಿ ಬೆರಳು ಚೀಪುತ್ತಿದ್ದಾಗ ಮಾದಪ್ಪ ಅಂಗಡಿಯ ಬೋರ್ಡು ಓದಿದ: "ಅಣ್ಣ, ಇಲ್ಲಿ ದನದ ಕೊಬ್ಬಾಕಿ ಕರೀತಾರಂತೆ."

ಬೆರಳು ಬಾಯಲ್ಲೇ ನಿಂತಿತು. ಅದನ್ನು ಕರವಸ್ತ್ರಕ್ಕೆ ಒರೆಸಿ ಚಿಕ್ಕಬಸಪ್ಪ ಕೈಜೋಡಿಸಿದ: "ಮಠದಲ್ಲಿ ಯೇಳ್ಬ್ಯಾಡ್ರಪ್ಪಾ."

ಮರಿಯಯ್ಯ ಗಂಟು ಕಟ್ಟುತ್ತ ಕೇಳಿದ: "ಯಾವ್ದ್ನ ಸಾ? ಕೊಬ್ಬು ತಿಂದಿದ್ನಾ, ರೊಟ್ಟಿ ಬ್ಯಾಡ ಅಂದಿದ್ನಾ?"

ಚಿಕ್ಕಬಸಪ್ಪನಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. "ಕೊಬ್ಬಿಂದು ಕಣಯ್ಯಾ. ರೊಟ್ಟಿದು ಯಾರಿಗ್ ಬೇಕು?"

ನಾವು ಊರು ತಲುಪುವ ಮೊದಲೇ ಮಾದಪ್ಪನ ಫೋನು ಎರಡು ಸುದ್ದಿಯನ್ನೂ ಮಠಕ್ಕೆ ಮುಟ್ಟಿಸಿತ್ತು. ಕೊಬ್ಬಿಗಾಗಿ ಮಠ ಅವನನ್ನು ದಾಸೋಹದಿಂದ ಇಳಿಸಿತು. ರೊಟ್ಟಿಯ ವಿಷಯ ಕೇಳಿದ ಹಿರಿಯರು, ನೇಮ ಅಷ್ಟಾದರೂ ಉಳಿಸಿಕೊಂಡನಲ್ಲ ಪಾಪ, ಎಂದರಂತೆ.