ಉದುರಿದ ಪುಟಗಳ ಓದುಗ

ಶಿಕ್ಷಕರ ತರಬೇತಿ ಕಾಲೇಜಿನ ಗ್ರಂಥಾಲಯದಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುವವನಿಗೆ ವಿದ್ಯಾರ್ಥಿನಿಯರು ಇಟ್ಟ ಹೆಸರು ಅಂಟಜ್ಜ. ಮೂವತ್ತೊಂದು ವರ್ಷ ಮೈದಾ ಅಂಟು ಕಲಸಿದ ಕೈ. ಊಟಕ್ಕೆ ಕೂತರೂ ಅದೇ ವಾಸನೆ ಎಂದು ಹೆಂಡತಿಯ ದೂರು. ಶಿಕ್ಷಣ ತತ್ವಶಾಸ್ತ್ರವನ್ನು ಅವನು ಓದಿದ್ದನೇ ಎಂದರೆ, ಕಿತ್ತುಬಂದ ಹಾಳೆಗಳನ್ನು ಸರಿಯಾಗಿ ಜೋಡಿಸಬೇಕಲ್ಲ, ಅಷ್ಟನ್ನು ಓದಿದ್ದ. ಗಟ್ಟಿಯಾಗಿ ಕೂತ ಪುಟಗಳ ಗೊಡವೆಗೆ ಹೋದವನಲ್ಲ.

ಒಂದು ತೆಳ್ಳನೆಯ ಪುಸ್ತಕವೆಂದರೆ ಮಾತ್ರ ಅವನಿಗೆ ಪ್ರಾಣ. ತರಗತಿಯಲ್ಲಿ ಪ್ರಶ್ನೆ ಕೇಳುವ ಹಕ್ಕು ಯಾರದು ಎಂಬುದು ಅದರ ವಿಷಯ. ಮೂರು ಸಲ ಕಟ್ಟಿದ್ದಾಗಿತ್ತು, ಇನ್ನು ಹೊಲಿಗೆ ಹಾಕಲು ಅಂಚೇ ಉಳಿದಿರಲಿಲ್ಲ. ಹೊಸ ಪ್ರತಿ ಬರದಿದ್ದರೆ ಅದರ ಕಥೆ ಅಲ್ಲಿಗೆ ಮುಗಿಯಿತು.

ಗ್ರಂಥಾಲಯಕ್ಕೆ ಕೊಳ್ಳುವ ಪುಸ್ತಕಗಳ ಆ ವರ್ಷದ ಆಯ್ಕೆ ಸಭೆಯಲ್ಲಿ ನಾಲ್ಕಕ್ಕೇ ಅವಕಾಶ. ವಿದ್ಯಾರ್ಥಿಯ ಮಾತಿಗೆ ಕಿವಿಗೊಡಿ ಎನ್ನುವ ಪುಸ್ತಕಗಳನ್ನು ಆರಿಸಲು ಒಬ್ಬ ವಿದ್ಯಾರ್ಥಿಯನ್ನೂ ಕರೆದಿರಲಿಲ್ಲ, ಅದು ಬೇರೆ ಮಾತು! ಹರಿದ ಪುಸ್ತಕಗಳನ್ನು ತೋರಿಸಲು ಬಂದ ಅಂಟಜ್ಜ ಬಾಗಿಲಲ್ಲೇ ನಿಂತಿದ್ದ. ಹಿರಿಯ ಪ್ರಾಧ್ಯಾಪಕರು ಆ ತೆಳ್ಳನೆಯದನ್ನು ಪಕ್ಕಕ್ಕೆ ಸರಿಸಿದರು.

"ಇದು ಹಳೇದಾಯ್ತು ಬಿಡಿ. ಈಗ ಯಾರು ಓದ್ತಾರೆ?"

ಅಂಟಜ್ಜ ಒಂದು ಹೆಜ್ಜೆ ಒಳಗಿಟ್ಟ. "ಓದ್ತಾರೆ ಸಾರ್" ಎಂದುಬಿಟ್ಟ.

ಎಲ್ಲರೂ ತಿರುಗಿದರು. ಬಾಯಿಬಿಟ್ಟ ಮೇಲೆ ಇನ್ನೇನು?

"ಹೋದ ವರ್ಷ ತರಿಸಿದ ಆ ದಪ್ಪ ಪುಸ್ತಕ ತೆಗೆದು ನೋಡಿ, ಬೆನ್ನು ಒಂಚೂರೂ ಬಗ್ಗಿಲ್ಲ. ಇದನ್ನ ಮೂರು ಸಲ ಕಟ್ಟಿದೀನಿ. ಪ್ರತಿ ಸಲಾನೂ ಐದನೇ ಅಧ್ಯಾಯಾನೇ ಕಿತ್ತುಬರೋದು."

ದಪ್ಪ ಪುಸ್ತಕವನ್ನು ಹಟಹಿಡಿದು ತರಿಸಿದವರು ಹಿರಿಯ ಪ್ರಾಧ್ಯಾಪಕರೇ. ಅವರು ಕನ್ನಡಕ ಒರೆಸಿಕೊಳ್ಳತೊಡಗಿದರು. ಪ್ರಿನ್ಸಿಪಾಲ್ ಮೇಡಮ್ ಕೇಳಿದರು: "ಐದನೇ ಅಧ್ಯಾಯದಲ್ಲಿ ಏನಿದೆ?"

"ಪಾಠ ಮಾಡೋರು ಮೊದಲು ಕೇಳಿಸ್ಕೊಳ್ಳೋದು ಕಲೀಬೇಕು ಅಂತಿದೆ ಮೇಡಮ್. ಆರನೇದು ನಂಗೊತ್ತಿಲ್ಲ, ಅದು ಇನ್ನೂ ಉದುರಿಲ್ಲ."

ಸಭೆ ಗೊಳ್ಳೆಂದು ನಕ್ಕಿತು. ಕೊಂಚ ತಡವಾಗಿಯಾದರೂ ಹಿರಿಯ ಪ್ರಾಧ್ಯಾಪಕರೂ ನಕ್ಕರು, ತೆಳ್ಳನೆಯದನ್ನು ತಾವೇ ಎತ್ತಿ ಪಟ್ಟಿಯ ಮೇಲಿಟ್ಟರು. ಮೇಡಮ್ ಕುರ್ಚಿ ಎಳೆದರು.

"ಕೂತ್ಕೊಳ್ಳಿ. ಬೇರೆ ಯಾವ್ಯಾವುದು ಹೀಗೆ ಪದೇ ಪದೇ ಕಟ್ಟೋಕೆ ಬರುತ್ತೆ, ಹೇಳಿ."

ಮೂವತ್ತೊಂದು ವರ್ಷದಲ್ಲಿ ಆ ಮೇಜಿನ ಬಳಿ ಯಾರೂ ಅವನನ್ನು ಏನನ್ನೂ ಕೇಳಿರಲಿಲ್ಲ. ಅಂಟಜ್ಜ ಕೂತ. ಮಧ್ಯಾಹ್ನವೆಲ್ಲ ಹೇಳಿದ.

"ಇಷ್ಟೊತ್ತು ಏನು ಮಾಡ್ತಿದ್ರಿ?" ಮನೆಯಲ್ಲಿ ಹೆಂಡತಿ ಕೇಳಿದಳು.

"ಪುಸ್ತಕ ಆರಿಸ್ತಿದ್ದೆ ಕಣೇ."

ಅವಳು ನಂಬಲಿಲ್ಲ. ಅವನ ಕೈ ಹಿಡಿದು ಮೂಸಿ ನೋಡಿದಳು.

"ಹೌದಲ್ರೀ, ಇವತ್ತು ಅಂಟಿನ ವಾಸನೇನೇ ಇಲ್ಲ!"