ಮೂಲೆ ಬದಲಿಸಿದ ಆರ್ಲಿನ್

ಲೈಲ್ ವ್ಯಾಂಡರ್‌ಪ್ಲಗ್‌ನನ್ನು ಕಂಡರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಚರ್ಚಿನಲ್ಲಿ ಅವನು ಕೂತ ಬೆಂಚಿನಲ್ಲಿ ನಾನು ಕೂರುವುದಿಲ್ಲ. ನನಗೆ ಅವನು ಏನೂ ಮಾಡಿಲ್ಲ. ಮಾಡಿದ್ದು ಆರ್ಲಿನ್ ಬ್ರೆಕ್ಕೆಗೆ.

ಆರ್ಲಿನ್ ನಮ್ಮೂರ ಮೆಕ್ಕೆಜೋಳದ ಗೋದಾಮಿನಲ್ಲಿ ಜೀವಮಾನವಿಡೀ ಲಾರಿ ತೂಗಿದವನು. ಬೈದರೂ ನಗುತ್ತಿದ್ದ, ಆ ನಗು ಕಂಡರೂ ನನಗೆ ಸಿಟ್ಟು. ಊರ ಆಸ್ಪತ್ರೆ ಮುಚ್ಚಿದ ಮೇಲೆ ಅವನ ಹೆಂಡತಿ ಇಂಗಾಳ ಡಯಾಲಿಸಿಸ್‌ಗೆ ಹಿಮದ ರಸ್ತೆಯಲ್ಲಿ ದೂರದ ಪಟ್ಟಣಕ್ಕೆ ಅಲೆಯಬೇಕಾಯಿತು. ಪಕ್ಷದ ಕೌಂಟಿ ಸಮಾವೇಶದಲ್ಲಿ, ಅಂದರೆ ಜಿಲ್ಲಾ ಮಟ್ಟದ ಸಭೆಯಲ್ಲಿ, ಎದ್ದು ನಿಂತು ಇದನ್ನು ಹೇಳಬೇಕು, ಅಷ್ಟೇ ಅವನ ಆಸೆ. ಅಲ್ಲಿ ಮಾತಾಡಲು ಪ್ರತಿನಿಧಿಯಾಗಿ ಹೋಗಬೇಕು. ಟ್ರಕ್ ಓಡಿಸುತ್ತಾ ಒಬ್ಬನೇ ಭಾಷಣ ಒಪ್ಪಿಸಿಕೊಳ್ಳುತ್ತಿದ್ದ.

ಪ್ರತಿನಿಧಿಗಳನ್ನು ಆರಿಸುವ ಪಕ್ಷದ ಊರ ಸಭೆ, ಕಾಕಸ್, ಆ ಜನವರಿಯಲ್ಲಿ ಶಾಲೆಯ ಊಟದ ಹಾಲ್‌ನಲ್ಲಿ ನಡೆಯಿತು. ರಾಷ್ಟ್ರಾಧ್ಯಕ್ಷರಾಗಲು ಹೊರಟವರಿಗೆಲ್ಲ ಒಂದೊಂದು ಮೂಲೆ. ಯಾರು ಬೇಕೋ ಅವರ ಮೂಲೆಯಲ್ಲಿ ಹೋಗಿ ನಿಲ್ಲುವುದು; ತಲೆ ಹೆಚ್ಚಿದಷ್ಟೂ ಆ ಮೂಲೆಗೆ ಪ್ರತಿನಿಧಿಗಳು ಹೆಚ್ಚು. ಬಂದವರಲ್ಲಿ ನೂರಕ್ಕೆ ಹದಿನೈದರಷ್ಟಾದರೂ ಜನ ಸೇರದ ಮೂಲೆ ಒಡೆಯುತ್ತದೆ, ಅಲ್ಲಿದ್ದವರು ಬೇರೆ ಮೂಲೆ ಸೇರಬೇಕು. ಆರ್ಲಿನ್‌ನ ಮೂಲೆ ಒಡೆಯಿತು. ಅಲ್ಲಿದ್ದವರೆಲ್ಲ ಗೋದಾಮಿನವರು, ಅವನು ಹೋದಲ್ಲಿಗೆ ಹೋಗುವವರು.

ನಾನು ನನ್ನ ಮೂಲೆಗೆ ಕರೆಯುವಷ್ಟರಲ್ಲಿ ಲೈಲ್ ಅವನ ಹೆಗಲಿಗೆ ಕೈ ಹಾಕಿದ್ದ.

"ಬಾರೋ ಆರ್ಲಿನ್, ನಮ್ ಕಡೆ ಬಾ. ನೀವು ಬಂದ್ರೆ ನಮಗೆ ಇನ್ನೊಬ್ಬ ಪ್ರತಿನಿಧಿ ಸಿಗ್ತಾನೆ. ಅದು ನೀನೇ."

"ನಿಜವಾಗ್ಲೂ?"

"ನಮ್ಮವ್ವನಾಣೆ ಕಣೋ!"

"ಆ ಮುದುಕಿ ಹೆಸರಲ್ಲಿ ಇವನು ಎಷ್ಟು ಆಣೆ ಇಟ್ಟಿದಾನೆ ಕೇಳು!" ಎಂದು ನಾನು ಕೂಗಿದೆ. ಹಾಲೆಲ್ಲ ನಕ್ಕಿತು. ಆರ್ಲಿನ್ನೂ ನಕ್ಕು, ತನ್ನವರನ್ನು ಕರೆದುಕೊಂಡು ಲೈಲ್‌ನ ಮೂಲೆಗೆ ಹೋದ. ತಲೆ ಎಣಿಸಿದರು; ಅವರಿಗೆ ಇಬ್ಬರು ಪ್ರತಿನಿಧಿಗಳೆಂದು ಗಟ್ಟಿಯಾಯಿತು.

ಹೆಸರು ಆರಿಸುವುದು ಆಮೇಲೆ, ಅವರವರ ಮೂಲೆಯಲ್ಲೇ. ಅಷ್ಟರಲ್ಲಿ ಲೈಲ್, "ನನ್ ಕಾರ್ ಬ್ಯಾಟರಿ ಕೂತ್ಬಿಟ್ಟಿದೆ, ನಿನ್ ಟ್ರಕ್ಕಿಂದ ಒಂಚೂರು ಕರೆಂಟ್ ಕೊಡ್ತೀಯಾ?" ಎಂದು ಬೀಗದ ಕೈ ಕೊಟ್ಟ. ಆ ಚಳಿಯಲ್ಲಿ ಯಾರು ಕೇಳಿದರೂ ನಮ್ಮಲ್ಲಿ ಇಲ್ಲ ಅನ್ನುವುದಿಲ್ಲ. ಆರ್ಲಿನ್ ಕೇಬಲ್ ಹಿಡಿದು ಹೊರಗೆ ಹೋದ.

ಅವನು ಮೂಗು ಕೆಂಪಗೆ ಮಾಡಿಕೊಂಡು ವಾಪಸ್ ಬಂದಾಗ ಕೈ ಎತ್ತುವುದು ಮುಗಿದಿತ್ತು. ಪ್ರತಿನಿಧಿಗಳು ಲೈಲ್ ಮತ್ತು ಅವನ ಸೊಸೆ.

"ಇಲ್ದೋನ ಹೆಸರು ಹೆಂಗಪ್ಪಾ ಹೇಳ್ಲಿ? ಜನ ಮನೆಗೆ ಹೊರಟಿದ್ರು" ಎಂದ ಲೈಲ್.

"ನಿನ್ ಕಾರಿಗೇ ಅಲ್ವೇನೋ ಕಳ್ಳ, ಅವನು ಹೋಗಿದ್ದು!" ನಾನು ನುಗ್ಗಿದೆ.

ಸಭೆ ನಡೆಸುತ್ತಿದ್ದ ಡೆಲೋರಿಸ್ ಅಡ್ಡ ಬಂದಳು. "ನಿನ್ನ ಮೂಲೆ ನೀನು ನೋಡ್ಕೋ. ಆ ಮೂಲೇಲಿ ನಿನಗೆ ಮಾತಿಲ್ಲ."

ನಿಯಮ ಅವಳ ಕಡೆಗಿತ್ತು. ಗೋದಾಮಿನವರು ತಲೆ ತಗ್ಗಿಸಿ ಕೋಟು ಹಾಕಿಕೊಂಡರು. ಆರ್ಲಿನ್ ಬೀಗದ ಕೈ ಕೊಟ್ಟು, "ಸ್ಟಾರ್ಟ್ ಆಗಿದೆ" ಎಂದ. ನಗಲಿಲ್ಲ.

ಮಾರ್ಚಿನ ಸಮಾವೇಶದಲ್ಲಿ ಲೈಲ್ ಹ್ಯಾಮ್ ಸ್ಯಾಂಡ್‌ವಿಚ್ ತಿಂದು ಬಂದ. ಆಸ್ಪತ್ರೆಯ ಸುದ್ದಿ ಎತ್ತಲಿಲ್ಲ. ಮುಂದಿನ ಚಳಿಗಾಲಕ್ಕೆ ಇಂಗಾ ಇರಲಿಲ್ಲ. ಮಣ್ಣಿನ ದಿನ ಲೈಲ್ ಸೇಬಿನ ಪೈ ತಂದು ಆರ್ಲಿನ್‌ನ ಕೈಗಿಟ್ಟ. ಆರ್ಲಿನ್ ಅದನ್ನು ಮುಚ್ಚಳ ತೆಗೆಯದೆ ಮೇಜಿನ ತುದಿಗೆ ಸರಿಸಿದ. ಲೈಲ್ ಕೊಡಬೇಕಾದದ್ದು ಪೈ ಅಲ್ಲ, ಅವ್ವನಾಣೆ ಇಟ್ಟು ಒಪ್ಪಿಕೊಂಡ ಆ ಪ್ರತಿನಿಧಿಯ ಜಾಗ. ಅದನ್ನು ಅವನು ಇನ್ನೂ ಕೊಟ್ಟಿಲ್ಲ.