ಟೈಲರ್ ಅಳೆದುಕೊಟ್ಟ ಪ್ರಶ್ನಾವಳಿ

ನನ್ನ ಗೆಳೆಯ ತೀರಿಕೊಂಡು ಇಂದಿಗೆ ಹದಿನೇಳು ದಿನ. ಅವನು ಟೈಲರ್, ಪಕ್ಕದ ಅಂಗಡಿಯಲ್ಲಿ ಹಳೆ ಪುಸ್ತಕ ಮಾರುವವನು ನಾನು. ಅವನು ಗೆದ್ದ ಒಂದು ಪಂದ್ಯವನ್ನು ಬರೆದಿಡಬೇಕಾಗಿದೆ. ಅಳುತ್ತಾ ಬರೆದರೆ ಅವನಿಗೆ ಹಿಡಿಸುತ್ತಿರಲಿಲ್ಲ.

ಗಂಟಲಿನ ಆಪರೇಷನ್ ಆದಮೇಲೆ ಅವನಿಗೆ ನುಂಗುವುದೇ ದೊಡ್ಡ ಕೆಲಸವಾಯಿತು. ನೀರು ಕುಡಿದರೂ ಕೆಮ್ಮು. ಒಂದು ಊಟಕ್ಕೆ ಒಂದು ಗಂಟೆ. ಮನೆಯವರ ಮುಂದೆ ಕೆಮ್ಮಲು ನಾಚಿ, ತಟ್ಟೆ ಹಿಡಿದು ಮಹಡಿಗೆ ಹೋಗಿಬಿಡುತ್ತಿದ್ದ.

ಆಸ್ಪತ್ರೆಯಲ್ಲಿ ನುಂಗುವುದನ್ನು ಮತ್ತೆ ಕಲಿಸುವ ಮೇಡಂ ಒಬ್ಬಳಿದ್ದಳು, ನಮ್ಮ ಮಕ್ಕಳ ವಯಸ್ಸಿನವಳು. ನುಂಗುವ ತೊಂದರೆಯಿಂದ ಬದುಕು ಎಷ್ಟು ಕುಗ್ಗಿದೆ ಎಂದು ಅಳೆಯುವ ಇಂಗ್ಲಿಷ್ ಪ್ರಶ್ನಾವಳಿಯೊಂದನ್ನು ಕನ್ನಡಕ್ಕೆ ತರುತ್ತಿದ್ದಳು. ಪ್ರಶ್ನೆಗಳ ಕನ್ನಡವೇನೋ ಸಲೀಸಾಗಿಯೇ ಇತ್ತು, ಉತ್ತರಗಳೇ ಸುಳ್ಳಾಗಿದ್ದವು. ಒಂದು ಗುಟುಕು ನೀರಿಗೆ ಕೆಮ್ಮಿ ಕಣ್ಣೀರಿಟ್ಟವರೂ 'ಊಟ ಬೇಡವೆನಿಸುತ್ತದೆಯೇ?' ಎಂದರೆ 'ಹಾಗೇನಿಲ್ಲ' ಎನ್ನುತ್ತಿದ್ದರು. ಮೂವತ್ತು ರೋಗಿಗಳದೂ ಅದೇ ಕಥೆ. ಹೀಗಾದರೆ ಈ ಪ್ರಶ್ನೆಗಳು ಏನನ್ನೂ ಅಳೆಯುವುದಿಲ್ಲವೆಂದು ಆಸ್ಪತ್ರೆಯ ಪರಿಶೀಲನಾ ಸಮಿತಿ ತಳ್ಳಿಹಾಕುತ್ತದೆ, ಅವಳ ಎರಡು ವರ್ಷದ ದುಡಿಮೆ ನೀರುಪಾಲು.

ನಮ್ಮವನ ಸರದಿ ಬಂದಾಗ ನಾನೂ ಅವನ ಹೆಂಡತಿ, ನಾನು ಅತ್ತಿಗೆ ಎಂದು ಕರೆಯುವವರೂ, ಪಕ್ಕದಲ್ಲೇ ಕೂತಿದ್ದೆವು. ಅವನದೂ ಅದೇ ಹಾಡು: "ಹಾಗೇನಿಲ್ಲ."

"ನಿಜ ಹೇಳಿ ಅಂಕಲ್," ಎಂದಳು ಮೇಡಂ.

"ನಿಜ ಹೇಳಿದ್ರೆ ನಾಳೆಯಿಂದ ಊಟ ಯಾರಮ್ಮ ಹಾಕ್ತಾರೆ?"

"ರೀ, ನಾನೇನು ರಾಕ್ಷಸೀನಾ?" ಎಂದರು ಅತ್ತಿಗೆ. ನಾವೆಲ್ಲ ನಕ್ಕೆವು. ಅವನು ನಗಲಿಲ್ಲ.

"ನೋಡಿ ಮೇಡಂ, ಅಳತೆ ತಗೊಳ್ಳುವಾಗ ನಾನು ಜೊತೆಗೆ ಬಂದವರನ್ನ ಆಚೆ ಕೂರಿಸ್ತೀನಿ. ಹೆಂಡ್ತಿ ನೋಡ್ತಿದ್ರೆ ಗಂಡಸು ಹೊಟ್ಟೆ ಎಳ್ಕೊಂಡು ನಿಲ್ತಾನೆ. ಆ ಅಳತೆಗೆ ಹೊಲಿದ್ರೆ ಕೂತಾಗ ಗುಂಡಿ ಕಿತ್ತು ಹೋಗುತ್ತೆ. ಅಡುಗೆ ಮಾಡಿದವರು ಎದುರಿಗೇ ಇದ್ರೆ, ಊಟ ಸೇರಲ್ಲ ಅಂತ ಯಾವನು ಬಾಯಿ ಬಿಡ್ತಾನೆ?"

ಮೇಡಂ ಪೆನ್ನು ಕೆಳಗಿಟ್ಟಳು. ನಮ್ಮಿಬ್ಬರನ್ನೂ ಹೊರಗೆ ಕಳಿಸಿದಳು. ಅರ್ಧ ಗಂಟೆಯ ಮೇಲೆ ಬಾಗಿಲು ತೆರೆದಾಗ ಅವನ ಹಾಳೆಯ ತುಂಬ 'ಯಾವಾಗಲೂ', 'ಯಾವಾಗಲೂ'. ಹೋಟೆಲಿಗೆ ಹೋಗುವುದನ್ನು ಬಿಟ್ಟಿದ್ದೀರಾ ಎಂಬ ಪ್ರಶ್ನೆಗಂತೂ, "ಹೋಟೆಲ್ ಹಾಳಾಗಲಿ, ಮನೇಲೇ ತಟ್ಟೆ ಎತ್ಕೊಂಡು ಬೇರೆ ಹೋಗಿ ಕೂರ್ತೀರಾ ಅಂತ ಕೇಳಿ" ಎಂದಿದ್ದನಂತೆ. ಅದನ್ನೂ ಸೇರಿಸಿದಳು.

ಮನೆಯವರನ್ನು ಹೊರಗೆ ಕಳಿಸಿ, ಮೂವತ್ತು ಜನರನ್ನೂ ಒಬ್ಬೊಬ್ಬರನ್ನೇ ಕೂರಿಸಿ ಮತ್ತೆ ಕೇಳಿದಳು. ಇಪ್ಪತ್ತಾರು ಮಂದಿ ತಟ್ಟೆ ಎತ್ತಿಕೊಂಡು ಹೋಗುವವರೇ! ಅದು ತಿಳಿದ ಮೇಲೆ ನಮ್ಮವನಿಗೆ ನಾಚಿಕೆ ಬಿಟ್ಟುಹೋಯಿತು. ಹೆಂಡತಿಯ ಬಳಿ ಎಲ್ಲ ಹೇಳಿಕೊಂಡ, ಕೆಳಗೇ ಎಲ್ಲರ ಜೊತೆ ಉಣ್ಣತೊಡಗಿದ.

ಸಮಿತಿ ಒಪ್ಪಿದ ದಿನ ಮೇಡಂ ನೇರ ಅವನ ಮನೆಗೇ ಓಡಿಬಂದಳು. ನಾನೂ ಊಟಕ್ಕೆ ಕೂತಿದ್ದೆ.

"ಪಾಸಾಯ್ತು ಅಂಕಲ್! ಒಂದು ಪ್ರಶ್ನೇನೂ ತೆಗೀಲಿಲ್ಲ!"

ಅವನು ಬಾಯಲ್ಲಿ ತುತ್ತಿದ್ದಂತೆಯೇ ಕೈ ಮೇಲೆತ್ತಿ ಹುರ್ರೇ ಎನ್ನಲು ಹೋಗಿ ಕೆಮ್ಮಿದ. ಕಣ್ಣು ಕೆಂಪಾಗುವಂತೆ, ಪಕ್ಕದ ಮನೆಗೆ ಕೇಳುವಂತೆ ಕೆಮ್ಮಿದ. ಮೇಡಂ ಗಾಬರಿಯಾದಳು. ಅತ್ತಿಗೆ ಅವನ ಬೆನ್ನು ನೀವುತ್ತಾ, "ಕೆಮ್ಮಲಿ ಬಿಡಮ್ಮ, ಗೆದ್ದಿದ್ದಾರಲ್ಲ" ಎಂದರು.

ಕೆಮ್ಮು ನಿಲ್ಲುವವರೆಗೂ ಅವನು ಮೇಲೆತ್ತಿದ ಕೈ ಇಳಿಸಲಿಲ್ಲ.